ತೊಳೆಯದೆ ಜಾಗ ಬದಲಿಸಿದ ಅಕ್ವೇರಿಯಂ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬಂದ್ಯೋಡಿನ ಹತ್ತಿರ, ಹೆದ್ದಾರಿಯ ಮೂಡು ಬದಿಯಲ್ಲಿದೆ. ತಲಪ್ಪಾಡಿಯಿಂದ ಚೆಂಗಳದವರೆಗೆ ರಸ್ತೆ ಆರು ಪಥ ಆಗುವಾಗ ಎದುರಿಗಿದ್ದ ಮರಗಳೆಲ್ಲ ಹೋದವು. ಅಲ್ಲಿಯವರೆಗೆ ಚಾವಡಿಯ ಪಡು ಕಿಟಕಿಗೆ ಬಿಸಿಲು ತಾಗಿದ್ದೇ ಇಲ್ಲ. ಆ ನೆರಳನ್ನು ನಂಬಿಯೇ ಕಿಟಕಿಯ ಪಕ್ಕದಲ್ಲಿ ಅಕ್ವೇರಿಯಂ ಇಟ್ಟಿದ್ದೆವು. ಮರ ಹೋದ ಮೇಲೆ ಮಧ್ಯಾಹ್ನ ಮೂರು ಗಂಟೆಯಿಂದ ಸೂರ್ಯ ಕಡಲಿಗೆ ಇಳಿಯುವ ತನಕ ಬಿಸಿಲು ನೇರ ಗಾಜಿನ ಮೇಲೆ ಬೀಳತೊಡಗಿತು.

ಮೊದಲು ಕಂಡದ್ದು ಪಾಚಿ. ಗಾಜು ಒರೆಸಿದ ಎರಡೇ ದಿನಕ್ಕೆ ಮತ್ತೆ ಹಸಿರು. ಗಿಡಗಳ ಎಲೆ ಮೇಲೂ ಕೂದಲಿನಂಥ ಪಾಚಿ. ಅದನ್ನು ಹೇಗೋ ಸಹಿಸಬಹುದು. ಬಿಸಿಯನ್ನು ಸಹಿಸುವುದು ಮೀನಿಗೆ ಕಷ್ಟ. ಬೇಸಿಗೆಯ ಸಂಜೆ ಟ್ಯಾಂಕಿನ ಥರ್ಮಾಮೀಟರ್ 32, 33 ಡಿಗ್ರಿ ತೋರಿಸುತ್ತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ಉಳಿಯುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು 8 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಹಿಡಿಯುತ್ತದೆ. 32 ಡಿಗ್ರಿಯಲ್ಲಿ 7.3ರ ಆಸುಪಾಸು. ಅದೇ ಹೊತ್ತಿಗೆ ಮೀನಿನ ಮೈಗೆ ಆಮ್ಲಜನಕ ಬೇಕಾಗುವುದು ಜಾಸ್ತಿ. ಏಂಜಲ್ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದನ್ನು ನೋಡಿದರೆ ಮನಸ್ಸಿಗೆ ಕಷ್ಟವಾಗುತ್ತಿತ್ತು. ದಪ್ಪ ಪರದೆ ಹಾಕಿ ನೋಡಿದೆವು. ಆಗ ಕಡಲಗಾಳಿ ನಿಂತು ಚಾವಡಿಯೇ ಬೇಯತೊಡಗಿತು. ಕೊನೆಗೆ ಟ್ಯಾಂಕನ್ನೇ ಒಳಗೋಡೆಯ ಬುಡಕ್ಕೆ ತರುವುದು ಎಂದು ತೀರ್ಮಾನವಾಯಿತು. ಅದೇ ಕೋಣೆ, ಹೆಚ್ಚೆಂದರೆ 14 ಅಡಿ ದೂರ.

ದೂರ ಎಷ್ಟೇ ಕಡಿಮೆಯಿರಲಿ, ತುಂಬಿದ ಟ್ಯಾಂಕನ್ನು ಒಂದು ಇಂಚು ಕೂಡ ಸರಿಸಬಾರದು. ನಮ್ಮದು ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ಲೆಕ್ಕಕ್ಕೆ 127 ಲೀಟರ್ ಆಗುತ್ತದೆ. ಒಳಗಿನ ಕಲ್ಲು, ಮರದ ತುಂಡು ಮತ್ತು ಮೇಲೆ ಬಿಟ್ಟ ಜಾಗ ಕಳೆದರೆ 110 ಲೀಟರ್ ನೀರು. ಅಂದರೆ 110 ಕಿಲೋ. 8 ಮಿಲಿಮೀಟರ್ ದಪ್ಪದ ಗಾಜಿಗೆ ಸುಮಾರು 28 ಕಿಲೋ, ಕಲ್ಲಿಗೆ 15 ಕಿಲೋ. ಮೂರು ಅಕ್ಕಿ ಮೂಟೆಯ ಭಾರ ಇದು. ಆದರೆ ಅಕ್ಕಿ ಮೂಟೆಯೊಳಗೆ ಏನೂ ಓಲಾಡುವುದಿಲ್ಲ. ನೀರು ಓಲಾಡುತ್ತದೆ. ಒಂದು ಬದಿ ಸ್ವಲ್ಪ ಎತ್ತಿದರೆ ನೀರೆಲ್ಲ ಮತ್ತೊಂದು ಬದಿಗೆ ನುಗ್ಗಿ ಅಲ್ಲಿನ ಗಾಜನ್ನು ಒತ್ತುತ್ತದೆ. ಗಾಜನ್ನು ಹಿಡಿದಿಟ್ಟಿರುವುದು ಬರೀ ಸಿಲಿಕಾನ್ ಅಂಟು. ನಿಂತ ನೀರಿನ ಒತ್ತಡವನ್ನು ಅದು ವರ್ಷಗಟ್ಟಲೆ ತಡೆಯುತ್ತದೆ. ತಿರುಚುವುದು, ಜಗ್ಗುವುದು ಅದಕ್ಕೆ ಆಗದು. ಆ ಕ್ಷಣಕ್ಕೆ ಏನೂ ಆಗದಿದ್ದರೂ ಒಂದು ಮೂಲೆಯಲ್ಲಿ ಅಂಟು ಬಿಟ್ಟುಕೊಂಡು, ವಾರದ ನಂತರ ನಡುರಾತ್ರಿ ಚಾವಡಿ ತುಂಬ ನೀರಾಗಬಹುದು.

ಭಾವ ಒಂದು ಉಪಾಯ ಹೇಳಿದ. ಅರ್ಧಕ್ಕಿಂತ ಜಾಸ್ತಿ ನೀರು ತೆಗೆದು, ಸ್ಟ್ಯಾಂಡಿನ ಕಾಲಿಗೆ ಗೋಣಿ ಕಟ್ಟಿ ಜಾರಿಸಿಕೊಂಡು ಹೋಗೋಣ ಎಂದು. ಹೊಸ ಮನೆಗಳ ನುಣುಪು ಟೈಲ್ಸ್ ನೆಲದಲ್ಲಿ ಕೆಲವರು ಹಾಗೆ ಮಾಡುತ್ತಾರೆ. ನಮ್ಮದು ಮುರಕಲ್ಲಿನ ಹಳೆಯ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ. ನೀರು ಹಾಕಿ ತೊಳೆದರೆ ಬಾಗಿಲಿನ ಕಡೆಗೆ ಹರಿಯಲಿ ಅಂತ ಆ ಕಾಲದವರು ನೆಲಕ್ಕೆ ಸಣ್ಣ ಇಳಿಜಾರು ಕೊಟ್ಟಿದ್ದಾರೆ. ಅಲ್ಲಲ್ಲಿ ಬಿರುಕು ಬಿಟ್ಟು ತೇಪೆ ಹಾಕಿದ್ದೂ ಇದೆ. ಎರಡೂವರೆ ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಗಾಜು, ಗಾಜಿನೊಳಗೆ ನೀರು. ಒಂದು ಕಾಲು ತೇಪೆಗೆ ತಾಗಿ ಗಕ್ಕನೆ ನಿಂತರೆ ಮೇಲಿನದೆಲ್ಲ ಮುಂದಕ್ಕೆ ವಾಲುತ್ತದೆ. ಬೇಡ ಎಂದೆ. ಪೂರ್ತಿ ಖಾಲಿ ಮಾಡಿ, ಸ್ಟ್ಯಾಂಡನ್ನೂ ಟ್ಯಾಂಕನ್ನೂ ಬೇರೆ ಬೇರೆಯಾಗಿ ಹೊರುವುದು ನಿಧಾನದ ಕೆಲಸ ನಿಜ. ಆದರೆ ಅದರಲ್ಲಿ ಅಪಾಯ ಕಡಿಮೆ.

ಖಾಲಿ ಮಾಡುವ ಮಾತು ಬಂದ ಕೂಡಲೇ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ. "ಹೇಗೂ ಖಾಲಿ ಮಾಡ್ತೀರಲ್ಲ, ಎಲ್ಲ ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು ಹೊಸ ನೀರು ಹಾಕಿ." ಅವರ ಕಾಳಜಿ ಅರ್ಥವಾಗುತ್ತದೆ. ಪಾತ್ರೆ ಖಾಲಿಯಾದರೆ ತೊಳೆದಿಡುವುದು ನಮ್ಮ ಕೈಗೆ ಬಂದ ಅಭ್ಯಾಸ. ಅಕ್ವೇರಿಯಂಗೆ ಮಾತ್ರ ಇದರಷ್ಟು ಕೆಟ್ಟದ್ದು ಬೇರೆ ಇಲ್ಲ. ಎಷ್ಟೋ ಮನೆಗಳಲ್ಲಿ ಟ್ಯಾಂಕ್ ತೊಳೆದ ವಾರದೊಳಗೆ ಮೀನು ಸಾಯುವುದನ್ನು ನೋಡಿದ್ದೇನೆ. ಮೀನೇ ಸರಿ ಇರಲಿಲ್ಲ ಎನ್ನುತ್ತಾರೆ. ಸತ್ತದ್ದು ತೊಳೆದ ಕಾರಣಕ್ಕೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಗೆ ಬಿಡುತ್ತದೆ. ಉಳಿದ ಆಹಾರ, ಹಿಕ್ಕೆ, ಕೊಳೆತ ಎಲೆಗಳಿಂದಲೂ ಅಮೋನಿಯಾ ಬರುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ನೈಟ್ರೋಸ್ಪೈರಾ ಎಂಬ ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟು ಕೆಟ್ಟದ್ದಲ್ಲ, ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಾಡಿಕೊಂಡಿರುವುದು ಬಹಳ ಕಡಿಮೆ. ಫಿಲ್ಟರಿನ ಸ್ಪಂಜು, ಕಲ್ಲಿನ ಮೈ, ಮರದ ತುಂಡು, ಇವುಗಳ ಮೇಲೆ ಲೋಳೆಯ ಹಾಗೆ ಅಂಟಿಕೊಂಡು ಬದುಕುತ್ತವೆ. ನಾವು ಕೊಳೆ ಎಂದು ಉಜ್ಜಿ ತೆಗೆಯುವುದು ಇದನ್ನೇ. ಒಣಗಿದರೆ ಸಾಯುತ್ತವೆ. ಕ್ಲೋರಿನ್ ತಾಗಿದರೆ ಸಾಯುತ್ತವೆ. ಆಮ್ಲಜನಕ ಸಿಗದಿದ್ದರೂ ಸಾಯುತ್ತವೆ. ಹೊಸದಾಗಿ ಬೆಳೆದು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಮೀನು ತನ್ನದೇ ವಿಷದಲ್ಲಿ ಈಜಬೇಕು. ಹಾಗಾಗಿ ಟ್ಯಾಂಕ್ ಸರಿಸುವಾಗ ಮೀನಿನಷ್ಟೇ ಜೋಪಾನವಾಗಿ ಸಾಗಿಸಬೇಕಾದದ್ದು ಆ ಕೊಳಕು ಸ್ಪಂಜನ್ನು. ಉಳಿದ ಕೆಲಸವನ್ನೆಲ್ಲ ನಾನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಯೋಚಿಸಿದೆ.

ದಿನ ಆರಿಸಿದ್ದು ದೀಪಾವಳಿ ಕಳೆದ ಮೇಲೆ. ಏಪ್ರಿಲ್, ಮೇಯಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ, ಆಗ ಈ ಕೆಲಸಕ್ಕೆ ಕೈ ಹಾಕುವ ಹಾಗಿಲ್ಲ. ಜೂನ್, ಜುಲೈಯಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ದೀಪಾವಳಿ ಹೊತ್ತಿಗೆ ಬಾವಿ ತುಂಬಿರುತ್ತದೆ, ನೀರು ತಿಳಿಯಾಗಿರುತ್ತದೆ.

ಬಾವಿ ನೀರಿನ ವಿಷಯದಲ್ಲಿ ನಮ್ಮ ಊರಿನವರು ಒಂದು ಮಾತು ಗಮನಿಸಬೇಕು. ಬಾವಿ ನೀರಲ್ವಾ, ಕ್ಲೋರಿನ್ ಎಲ್ಲಿಂದ ಬರುತ್ತದೆ ಎಂದು ಸುಮ್ನೆ ಇದ್ದುಬಿಡುತ್ತೇವೆ. ಆದರೆ ಕೇರಳದಲ್ಲಿ ಮಳೆಗಾಲಕ್ಕೆ ಆರೋಗ್ಯ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಾರೆ. ಸಾಮಾನ್ಯ ಲೆಕ್ಕ 1000 ಲೀಟರಿಗೆ 2.5 ಗ್ರಾಂ. ರೋಗ ಹಬ್ಬಿದಾಗ ಅದರ ದುಪ್ಪಟ್ಟು. ಮನುಷ್ಯರಿಗೆ ಅದು ತುಂಬ ಒಳ್ಳೆಯ ಕೆಲಸ. ಮೀನಿನ ಕಿವಿರಿಗೆ ಮಾತ್ರ ಲೀಟರಿಗೆ 0.1 ಮಿಲಿಗ್ರಾಂಗಿಂತ ಕಡಿಮೆ ಕ್ಲೋರಿನ್ ಕೂಡ ಸುಡುವಂಥದ್ದು. ಬ್ಯಾಕ್ಟೀರಿಯಾ ಕೊಲ್ಲುವುದಕ್ಕೇ ಹಾಕಿದ ಪುಡಿ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಹಾಗಾಗಿ ಮನೆಯವರನ್ನು ವಿಚಾರಿಸಿ, ಬಾವಿಗೆ ಪುಡಿ ಹಾಕಿ ಬಹಳ ದಿನವಾಗಿದೆ ಎಂದು ಖಚಿತ ಮಾಡಿಕೊಂಡೆ. ನಳ್ಳಿ ನೀರಿನ ಮನೆಯವರಾದರೆ ಸೋಡಿಯಂ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕ ಹಾಕಲೇಬೇಕು.

ಕ್ಲೋರಿನ್ ಇಲ್ಲದಿದ್ದರೂ ಸೇದಿದ ನೀರನ್ನು ನೇರ ಟ್ಯಾಂಕಿಗೆ ಸುರಿಯಬಾರದು. ನೆಲದಡಿಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಬೋರ್‌ವೆಲ್ ನೀರಾದರೆ ಇನ್ನೂ ಜಾಸ್ತಿ, ಜೊತೆಗೆ ಕಬ್ಬಿಣದ ಅಂಶವೂ ಇರಬಹುದು. ಹಿಂದಿನ ಸಂಜೆಯೇ ದೊಡ್ಡ ಡ್ರಮ್ಮಿಗೆ ನೀರು ತುಂಬಿಸಿ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್ ಇಳಿಸಿ ರಾತ್ರಿಯಿಡೀ ಗಾಳಿ ಬಿಟ್ಟೆ. ಬೆಳಗಾಗುವಾಗ ಅದು ಕೋಣೆಯ ಬಿಸಿಗೂ ಬಂದಿತ್ತು.

ಮುರಕಲ್ಲಿನ ನೆಲದ ನೀರು ಮೆದು, ಸ್ವಲ್ಪ ಹುಳಿ. ಹುಳಿಯನ್ನು ಅಳೆಯುವ ಲೆಕ್ಕ ಪಿಎಚ್, ಏಳಕ್ಕಿಂತ ಕೆಳಗಿದ್ದರೆ ಹುಳಿ. ನಮ್ಮ ಬಾವಿಯದ್ದು ಆರರ ಆಸುಪಾಸು ಇರುತ್ತದೆ. ನಮ್ಮಲ್ಲಿರುವ ಏಂಜಲ್, ಟೆಟ್ರಾ, ಕೊರಿಡೋರಾಸ್ ಮೀನುಗಳೆಲ್ಲ ದಕ್ಷಿಣ ಅಮೆರಿಕದ ಹೊಳೆಗಳ ಮೂಲದವು. ಅವಕ್ಕೆ ಇಂಥ ನೀರು ಹಿಡಿಸುತ್ತದೆ. ಬಯಲು ಸೀಮೆಯ ಗಡಸು ನೀರಿನಲ್ಲಿ ಇವನ್ನು ಸಾಕುವವರು ಪಡುವ ಪಾಡು ನಮಗಿಲ್ಲ. ಆದರೆ ಪಿಎಚ್ ಆರಕ್ಕಿಂತ ಕೆಳಗೆ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಮಂಕಾಗುತ್ತದೆ. ಅದಕ್ಕೆ ನಾನು ಮರುವಾಯಿ ಚಿಪ್ಪು ಬಳಸುತ್ತೇನೆ. ಶಿರಿಯ ಹೊಳೆಯ ಅಳಿವೆ ಹತ್ತಿರವೇ ಇರುವುದರಿಂದ ಚಿಪ್ಪಿಗೆ ಬರವಿಲ್ಲ. ಚೆನ್ನಾಗಿ ಕುದಿಸಿ, ಒಣಗಿಸಿ, ಪುಡಿ ಮಾಡಿ ಒಂದು ಹಿಡಿಯಷ್ಟನ್ನು ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಡುವುದು. ಅದರ ಸುಣ್ಣ ನಿಧಾನವಾಗಿ ಕರಗಿ ನೀರು ತೀರಾ ಹುಳಿಯಾಗದಂತೆ ಹಿಡಿಯುತ್ತದೆ. ಜಾಸ್ತಿ ಹಾಕಬಾರದು. ಅಮೋನಿಯಾದಲ್ಲಿ ನಿಜವಾಗಿ ವಿಷವಾಗುವ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಒಂದೂ ಇಲ್ಲ, 8ಕ್ಕೆ ಏರಿದರೆ ಐದನ್ನು ದಾಟುತ್ತದೆ. ಜಾಗ ಬದಲಿಸುವ ವಾರದಲ್ಲಿ ಪಿಎಚ್ ಏರಿಸುವ ಯಾವ ಪ್ರಯೋಗವೂ ಬೇಡ ಎನ್ನುವುದು ಇದಕ್ಕೇ. ಇದ್ದ ಚಿಪ್ಪನ್ನು ಇದ್ದ ಹಾಗೇ ಬಿಟ್ಟೆ.

ಎರಡು ವಾರ ಮೊದಲಿನಿಂದಲೇ ತಳದ ಕಲ್ಲನ್ನು ಸೈಫನ್ ಪೈಪಿನಿಂದ ಸ್ವಲ್ಪ ಸ್ವಲ್ಪವೇ ಶುಚಿ ಮಾಡುತ್ತ ಬಂದೆ. ಒಂದು ಸಲಕ್ಕೆ ಕಾಲು ಭಾಗ ಮಾತ್ರ. ತೊಳೆಯಬಾರದು ಎಂದವನು ಇದನ್ನೇಕೆ ಮಾಡಿದೆ ಎಂದು ಕೇಳಬಹುದು. ಕಲ್ಲಿನ ಮೈಗೆ ಅಂಟಿದ ಲೋಳೆ ಬೇರೆ, ಕಲ್ಲಿನ ಸಂದಿಯಲ್ಲಿ ಕೂತ ಹಿಕ್ಕೆ ಬೇರೆ. ಲೋಳೆ ಉಳಿಯಬೇಕು, ಹಿಕ್ಕೆ ಹೋಗಬೇಕು. ತಳದಲ್ಲಿ ಗಾಳಿಯಾಡದ ಕಡೆ ಕಪ್ಪು ಕಲೆಗಳಾಗುತ್ತವೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಸಾಗಿಸುವ ದಿನ ಕಲ್ಲೆಲ್ಲ ಕದಡುವಾಗ ಇವೆಲ್ಲ ಒಟ್ಟಿಗೆ ಮೇಲೇಳಬಾರದು ಅಲ್ವಾ?

ಹೊಸ ಜಾಗವನ್ನೂ ನೋಡಿಟ್ಟೆವು. ಒಳಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇತ್ತು. ಬಾಗಿಲು ಬಡಿಯುವ ಜಾಗವಲ್ಲ, ಅಡುಗೆಮನೆಯ ಒಗ್ಗರಣೆ ಹೊಗೆ ತಲುಪುವ ಜಾಗವೂ ಅಲ್ಲ. ಹಿಂದಿನಿಂದ ಪೈಪು, ಫಿಲ್ಟರ್ ಇಳಿಸಲು ಗೋಡೆಯಿಂದ ನಾಲ್ಕು ಇಂಚು ಬಿಡಬೇಕೆಂದು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿದೆ. ನೀರು ತುಂಬಿದ ಮೇಲೆ ಇನ್ನೊಂದು ಇಂಚು ಬೇಕಿತ್ತು ಎಂದರೆ ಮತ್ತೆ ಎಲ್ಲ ಖಾಲಿ ಮಾಡಬೇಕಾಗುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ನೆಲದ ಇಳಿಜಾರನ್ನೂ ಅಳೆದೆ. ಸ್ಟ್ಯಾಂಡಿನ ಬಾಗಿಲ ಕಡೆಯ ಕಾಲುಗಳಿಗೆ ಎಷ್ಟು ದಪ್ಪದ ತುಂಡು ಬೇಕು ಎಂದು ಆಗಲೇ ಗೊತ್ತಾಯಿತು.

ಹಿಂದಿನ ದಿನ ಮೀನಿಗೆ ಆಹಾರ ಹಾಕಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಬಾಲ್ದಿಯ ಸ್ವಲ್ಪ ನೀರಿನಲ್ಲಿ ಅಮೋನಿಯಾ ಕಡಿಮೆ ಸೇರುತ್ತದೆ. ಒಂದು ದಿನದ ಉಪವಾಸ ಆರೋಗ್ಯವಂತ ಮೀನಿಗೆ ಏನೂ ಅಲ್ಲ.

ಬೆಳಗ್ಗೆ ಭಾವ, ಪಕ್ಕದ ಮನೆಯ ಹುಡುಗ, ನಾನು ಸೇರಿದೆವು. ಮೊದಲು ಎಲ್ಲ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಟ್ಟೆ. ನೀರಿಗೆ ಕೈ ಹಾಕುವ ಮೊದಲು ಇದು ಆಗಲೇಬೇಕು. ಹೀಟರ್ ನಮ್ಮಲ್ಲಿ ಮಳೆಗಾಲಕ್ಕೆ ಮಾತ್ರ ಬೇಕಾಗುವುದು, ಹಾಗಾಗಿ ಅದು ಒಳಗಿರಲಿಲ್ಲ. ಇರುವವರು ಆಫ್ ಮಾಡಿ ಇಪ್ಪತ್ತು ನಿಮಿಷ ನೀರೊಳಗೇ ಬಿಡಬೇಕು. ಬಿಸಿ ಗಾಜು ನೀರಿನಿಂದ ಹೊರಬಂದರೆ ಬಿರಿಯುತ್ತದೆ.

ನೀರು ತೆಗೆಯುವುದಕ್ಕೂ ಒಂದು ಕ್ರಮ ಇದೆ. ಏನನ್ನೂ ಮುಟ್ಟುವ ಮೊದಲು ಮೇಲಿನ ತಿಳಿ ನೀರನ್ನು ತೆಗೆದಿಡಬೇಕು. ಗಿಡ, ಮರ ಕಿತ್ತ ಮೇಲೆ ಸಿಗುವುದೆಲ್ಲ ಕದಡಿದ ನೀರು. ಇಪ್ಪತ್ತು ಲೀಟರಿನ ಕ್ಯಾನುಗಳಿಗೆ ಸೈಫನ್ ಮಾಡಿ ಸುಮಾರು ಮೂರರಲ್ಲಿ ಎರಡು ಪಾಲು ನೀರು ಉಳಿಸಿಕೊಂಡೆವು. ಹಳೆ ನೀರಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚೇನೂ ಇರುವುದಿಲ್ಲ. ಅದನ್ನು ಉಳಿಸುವುದು ಮೀನಿಗೆ ಪಿಎಚ್, ಬಿಸಿ, ಉಪ್ಪಿನಂಶ ಒಮ್ಮೆಲೇ ಬದಲಾಗದಿರಲಿ ಎಂದು. ಕ್ಯಾನು, ಬಾಲ್ದಿ ಎಲ್ಲ ಸೋಪು ಕಾಣದವು. ಬಟ್ಟೆ ಒಗೆಯುವ ಬಾಲ್ದಿಯನ್ನು ಎಷ್ಟು ತೊಳೆದರೂ ಇದಕ್ಕೆ ಬಳಸಬೇಡಿ.

ಆಮೇಲೆ ಎರಡು ಮರದ ತುಂಡು ತೆಗೆದೆವು. ಅವುಗಳಿಗೆ ಜಾವಾ ಫರ್ನ್, ಅನೂಬಿಯಾಸ್ ಕಟ್ಟಿದ್ದರಿಂದ ಗಿಡಕ್ಕೆ ಏನೂ ತೊಂದರೆಯಾಗದೆ ಹಾಗೇ ಎತ್ತಿ ನೀರು ತುಂಬಿದ ಬಾಲ್ದಿಗೆ ಇಳಿಸಬಹುದು. ಕ್ರಿಪ್ಟೋಕೊರೈನ್ ಹಾಗಲ್ಲ. ಬೇರು ಕಲ್ಲಿನ ತಳದವರೆಗೆ ಹೋಗಿರುತ್ತದೆ, ಕಿತ್ತರೆ ಅದಕ್ಕೆ ಸಿಟ್ಟು. ಬುಡದ ಕಲ್ಲಿನ ಸಮೇತ ಕೈಯಿಂದ ಮೊಗೆದು ಎತ್ತಿದೆ.

ಮೀನು ಹಿಡಿಯುವುದನ್ನು ನೀರು ಐದಾರು ಇಂಚಿಗೆ ಇಳಿಯುವ ತನಕ ಮುಂದೂಡಿದೆವು. ತುಂಬಿದ ಟ್ಯಾಂಕಿನಲ್ಲಿ ಬಲೆ ಹಿಡಿದು ಅಟ್ಟಾಡಿದರೆ ಮೀನು ಸುಸ್ತಾಗಿ, ಹುರುಪೆ ಕಿತ್ತು, ಮುಂದಿನ ವಾರ ರೋಗ ಹಿಡಿಸಿಕೊಳ್ಳುತ್ತದೆ. ಕಡಿಮೆ ನೀರಿನಲ್ಲಿ ಅಡಗಲು ಜಾಗವೂ ಇಲ್ಲ, ಓಡಲು ಆಳವೂ ಇಲ್ಲ. ಟೆಟ್ರಾಗಳನ್ನು ಮೆತ್ತನೆಯ ಬಲೆಯಿಂದ ತೆಗೆದೆ. ಏಂಜಲ್‌ಗಳನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ನಿಧಾನವಾಗಿ ಬರಮಾಡಿಕೊಂಡೆ, ಅವುಗಳ ಉದ್ದ ರೆಕ್ಕೆ ಬಲೆಗೆ ತಾಗಿದರೆ ಹರಿಯುತ್ತದೆ. ಕೊರಿಡೋರಾಸ್‌ಗೂ ಡಬ್ಬಿಯೇ. ಅದರ ರೆಕ್ಕೆಯ ಮುಳ್ಳು ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಬಿಡಿಸುವುದು ಎರಡು ಕಡೆಯವರಿಗೂ ನೋವು.

ಈಗ ಆ ಸ್ಪಂಜಿನ ವಿಷಯ. ಫಿಲ್ಟರನ್ನು ಬೇರೆ ಇಡಲಿಲ್ಲ. ಮೀನು ಬಿಟ್ಟ ದೊಡ್ಡ ಟಬ್ಬಿನಲ್ಲೇ ಇಳಿಸಿ ಚಾಲೂ ಮಾಡಿದೆ. ನಮ್ಮದು ಏರ್ ಪಂಪಿನಿಂದ ನಡೆಯುವ ಎರಡು ಸ್ಪಂಜ್ ಫಿಲ್ಟರ್. ಅದರಿಂದ ಮೀನಿಗೆ ಗಾಳಿಯೂ ಸಿಕ್ಕಿತು, ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವೂ ಸಿಕ್ಕಿತು, ಟಬ್ಬಿನಲ್ಲಿ ಹುಟ್ಟುವ ಅಮೋನಿಯಾವನ್ನು ಅದೇ ಅಲ್ಲೇ ತಿಂದೂ ಹಾಕಿತು. ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಇರುವವರು ಅದನ್ನು ಮುಚ್ಚಿದ ಹಾಗೇ ಗಂಟೆಗಟ್ಟಲೆ ಬಿಟ್ಟರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ಬಿಚ್ಚಿ, ಒಳಗಿನದನ್ನು ಟ್ಯಾಂಕಿನ ನೀರಿನ ಬಾಲ್ದಿಗೆ ಹಾಕಿ ಗಾಳಿ ಬಿಡುವುದು ಒಳ್ಳೆಯದು. ಕರೆಂಟ್ ಹೋದರೆ ಇರಲಿ ಎಂದು ಬ್ಯಾಟರಿಯ ಏರ್ ಪಂಪನ್ನೂ ಪಕ್ಕದಲ್ಲಿಟ್ಟಿದ್ದೆ. ಟಬ್ಬಿಗೆ ದೊಡ್ಡ ಬೈರಾಸು ಮುಚ್ಚಿದೆವು. ಕತ್ತಲಿದ್ದರೆ ಮೀನು ಶಾಂತವಾಗಿರುತ್ತದೆ, ಹಾರಿ ಬೀಳುವುದೂ ಇಲ್ಲ.

ಕಲ್ಲನ್ನು ಪ್ಲಾಸ್ಟಿಕ್ ಮಗ್ಗಿನಿಂದ ಬಾಚಿ ಬಾಲ್ದಿಗೆ ತುಂಬಿಸಿದೆವು. ಟ್ಯಾಂಕಿನ ನೀರಿನಲ್ಲೇ ಒಮ್ಮೆ ಅಲುಗಿಸಿ ಕಂದು ನೀರು ಚೆಲ್ಲಿದೆ, ಅಷ್ಟೇ. ಉಜ್ಜಲಿಲ್ಲ, ಬಾವಿಕಟ್ಟೆಗೂ ಒಯ್ಯಲಿಲ್ಲ. ಮೇಲೆ ಒದ್ದೆ ಬಟ್ಟೆ ಹೊದೆಸಿದೆ. ತಳದಲ್ಲಿ ಉಳಿದ ಕೊಳಕು ನೀರು ಹಿತ್ತಲಿನ ಬಸಳೆ ಬುಡಕ್ಕೆ ಹೋಯಿತು. ನೈಟ್ರೇಟ್ ತುಂಬಿದ ಆ ನೀರು ಬಸಳೆಗೆ ಬಹಳ ಒಳ್ಳೆಯದು.

ಖಾಲಿ ಟ್ಯಾಂಕ್ ಎತ್ತುವಾಗ ಮೇಲಿನ ಅಂಚು ಹಿಡಿಯಬಾರದು. ಮೇಲಿನ ಅಡ್ಡಪಟ್ಟಿಯನ್ನಂತೂ ಹಿಡಿಯಲೇಬಾರದು, ಅದು ಇರುವುದು ಗಾಜು ಉಬ್ಬದಿರಲಿ ಎಂದು, ಎತ್ತುವುದಕ್ಕಲ್ಲ. ರಬ್ಬರಿನ ಗ್ಲೌಸ್ ಹಾಕಿ ಎರಡೂ ತುದಿಯಲ್ಲಿ ತಳದ ಗಾಜಿನ ಅಡಿಗೆ ಕೈ ಕೊಟ್ಟು ಎತ್ತಿದೆವು. ಹುಡುಗ ನೆಲ ಒರೆಸಿ ದಾರಿ ಕಾಯ್ದ. ರೆಡ್ ಆಕ್ಸೈಡ್ ನೆಲದ ಮೇಲೆ ನಾಲ್ಕು ಹನಿ ನೀರಿದ್ದರೂ ಕಾಲು ಜಾರುತ್ತದೆ. ಸಣ್ಣ ಮಕ್ಕಳನ್ನು ಮೊದಲೇ ಅಜ್ಜಿಯ ಜೊತೆ ಜಗಲಿಗೆ ಕಳಿಸಿದ್ದೆವು. ಟ್ಯಾಂಕನ್ನು ತಾತ್ಕಾಲಿಕವಾಗಿ ನೆಲದಲ್ಲಿ ಹಾಸಿದ ಥರ್ಮಾಕೋಲ್ ಮೇಲೆ ಇಟ್ಟೆವು. ಬರಿ ನೆಲದ ಮೇಲೆ ಇಟ್ಟರೆ ಒಂದು ಹೊಯಿಗೆ ಕಾಳು ಸಾಕು, ಎಲ್ಲ ಭಾರ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ.

ಸ್ಟ್ಯಾಂಡಿನ ಕಾಲುಗಳು ಕಡಲ ಗಾಳಿಗೆ ತುಕ್ಕು ಹಿಡಿದಿದ್ದವು. ಇದೇ ಸಮಯ, ಒಂದು ಕೋಟು ಪೇಂಟ್ ಹೊಡೆದುಬಿಡೋಣ ಎಂದು ಭಾವ. ನಾನು ಒಪ್ಪಲಿಲ್ಲ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಪೇಂಟಿನ ಆವಿ, ಸೊಳ್ಳೆ ಬತ್ತಿಯ ಹೊಗೆ, ಜಿರಲೆಗೆ ಹೊಡೆಯುವ ಸ್ಪ್ರೇ, ಎಲ್ಲವೂ ಆ ದಾರಿಯಲ್ಲಿ ನೀರಿಗೆ ಸೇರುತ್ತವೆ. ಮರಳುಕಾಗದದಿಂದ ತುಕ್ಕು ಉಜ್ಜಿ ಒರೆಸಿ, ಕಾಲಿನ ರಬ್ಬರ್ ಬುಷ್ ಹೊಸದು ಹಾಕಿದೆವು. ಪ್ರತಿ ಕಾಲಿನ ಅಡಿಗೆ ಗ್ರಾನೈಟಿನ ಚೌಕ ತುಂಡು ಇಟ್ಟೆವು, ಭಾರ ಹಂಚಿಹೋಗಿ ಹಳೆ ನೆಲ ಕುಸಿಯದಿರಲಿ ಎಂದು. ಇಳಿಜಾರಿನ ಕಡೆಗೆ ತುಂಡು ಸ್ವಲ್ಪ ದಪ್ಪ. ಕಾಗದ ಮಡಚಿ ಇಡುವುದು ಬೇಡವೇ ಬೇಡ, ಪಸೆ ತಾಗಿ ವಾರದಲ್ಲಿ ತಗ್ಗುತ್ತದೆ. ಉದ್ದಕ್ಕೂ ಅಡ್ಡಕ್ಕೂ ಲೆವೆಲ್ ನೋಡಿ, ಪ್ಲೈವುಡ್ ಒರೆಸಿ, 12 ಮಿಲಿಮೀಟರಿನ ಹೊಸ ಥರ್ಮಾಕೋಲ್ ಹಾಸಿದೆವು. ಹಳೆಯದು ವರ್ಷಗಳ ಭಾರಕ್ಕೆ ಒತ್ತಿಹೋಗಿ ಹಪ್ಪಳದ ಹಾಗಾಗಿತ್ತು, ಅದನ್ನು ಮತ್ತೆ ಬಳಸಿದರೆ ಗಾಜು ಸಮನಾಗಿ ಕೂರುವುದಿಲ್ಲ.

ಟ್ಯಾಂಕ್ ಕೂರಿಸಿ, ಕಲ್ಲು ಹಾಕಿ, ಕ್ರಿಪ್ಟೋಕೊರೈನ್ ನೆಟ್ಟು, ಮೊದಲು ನಾಲ್ಕು ಇಂಚು ನೀರು ಬಿಟ್ಟು ನಿಲ್ಲಿಸಿದೆ. ತಳದ ಅಂಚಿಗೆಲ್ಲ ಒಣ ಟಿಶ್ಯೂ ಕಾಗದ ಸುತ್ತಿದೆ. ಸೋರಿಕೆ ಇದ್ದರೆ ಕಣ್ಣಿಗೆ ಕಾಣುವ ಮೊದಲು ಕಾಗದಕ್ಕೆ ಗೊತ್ತಾಗುತ್ತದೆ. ಅಷ್ಟರಲ್ಲಿ ಮನೆಯವರು ಅವಲಕ್ಕಿ, ಚಹಾ ತಂದರು. ಕಾಗದ ಒಣಗಿಯೇ ಇತ್ತು. ಆಮೇಲೆ ತಟ್ಟೆಯೊಂದನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ಹಳೆ ನೀರನ್ನು ಮೆಲ್ಲನೆ ಸುರಿದೆವು. ನಂತರ ಬಾವಿ ನೀರು, ಅದೂ ಒಮ್ಮೆಲೇ ಅಲ್ಲ. ತುಂಬಿದ ಮೇಲೆ ನೀರಿನ ಗೆರೆಯನ್ನು ನಾಲ್ಕೂ ಮೂಲೆಯಲ್ಲಿ ಅಳೆದೆ. ಎಲ್ಲ ಕಡೆ ಸಮ ಇತ್ತು.

ವಯರುಗಳನ್ನು ಪ್ಲಗ್ಗಿಗಿಂತ ಕೆಳಗೆ ಒಂದು ಬಳುಕು ಕೊಟ್ಟು ಮೇಲಕ್ಕೆ ಒಯ್ದೆ. ವಯರಿನ ಮೇಲೆ ಇಳಿಯುವ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಟ್ರಿಪ್ ಆಗುತ್ತದೆಯೇ ಎಂದು ನೋಡಿಕೊಂಡೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ತೂಗುಹಾಕಿದೆ. ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದೆ ಬಂದು ಪಂಪಿಗೆ ನುಗ್ಗಬಹುದು.

ಸ್ಪಂಜುಗಳು ಮೊದಲು ಹೋದವು, ಮೀನು ಆಮೇಲೆ. ಟಬ್ಬಿನ ನೀರಿಗೆ ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪ ಸೇರಿಸುತ್ತ ಅರ್ಧ ಗಂಟೆ ಕಳೆದು, ಒಂದೊಂದೇ ಬಿಟ್ಟೆ. ಕೊರಿಡೋರಾಸ್‌ಗಳು ಕೂಡಲೇ ಕಲ್ಲು ಕೆದಕತೊಡಗಿದವು. ಏಂಜಲ್‌ಗಳು ಮರದ ಹಿಂದೆ ಸೇರಿಕೊಂಡು ಮರುದಿನದವರೆಗೆ ಹೊರಗೆ ಬರಲಿಲ್ಲ. ಆ ದಿನ ಲೈಟ್ ಹಾಕಲಿಲ್ಲ, ಆಹಾರವನ್ನೂ ಹಾಕಲಿಲ್ಲ.

ನಂತರದ ವಾರ ದಿನಾ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿದೆ. ಒಂದು ದಿನ ಅಮೋನಿಯಾ ಕೊಳವೆ ತುಸು ಹಸಿರಿಗೆ ತಿರುಗಿತು. ಕಲ್ಲು ಕದಡಿದ್ದಕ್ಕೆ ಇಷ್ಟು ಆಗುವುದೇ. ಗಾಳಿ ಬಿಟ್ಟ ಬಾವಿ ನೀರಿನಿಂದ ಐದರಲ್ಲಿ ಒಂದು ಪಾಲು ಬದಲಿಸಿ, ಆಹಾರ ಅರ್ಧ ಮಾಡಿದೆ. ಮತ್ತೆ ಬಣ್ಣ, ಅಮೋನಿಯಾ ಇಲ್ಲ ಎಂದು ತೋರಿಸುವ ಹಳದಿಗೇ ಬಂತು. ನೈಟ್ರೈಟ್ ಕಾಣಿಸಲೇ ಇಲ್ಲ. ಒಂದು ಮೀನೂ ಹೋಗಲಿಲ್ಲ. ನೋಡಲು ಬಂದವರಿಗೆ ಕಂದು ಸ್ಪಂಜನ್ನು ತೋರಿಸಿ ಇದೇ ಕಾರಣ ಎಂದು ಹೇಳಿದೆ. ಕ್ರಿಪ್ಟೋಕೊರೈನ್ ಮಾತ್ರ ಎಲೆ ಎಲ್ಲ ಕರಗಿಸಿಕೊಂಡು ಬರಿ ಬುಡ ಉಳಿಸಿತು. ಆ ಗಿಡದ ಸ್ವಭಾವವೇ ಹಾಗೆ. ಕೊಳೆತ ಎಲೆ ತೆಗೆದು ಬುಡ ಮುಟ್ಟದೆ ಬಿಟ್ಟಿದ್ದೆ, ಈಗ ಹೊಸ ಚಿಗುರು ಬಂದಿದೆ. ಬಿಸಿಲು ಇಲ್ಲದ್ದರಿಂದ ಲೈಟನ್ನು ದಿನಕ್ಕೆ ಏಳು ಗಂಟೆ ಟೈಮರಿಗೆ ಹಾಕಿದ್ದೇನೆ. ಗಾಜಿನ ಪಾಚಿ ಬಹಳ ಕಡಿಮೆಯಾಗಿದೆ.

ಉಪ್ಪಳದ ಕಡೆಯ ಗೆಳೆಯರೊಬ್ಬರು ಬಂದು ನೋಡಿ, ತಮ್ಮ ನಾಲ್ಕು ಅಡಿಯ ಟ್ಯಾಂಕನ್ನೂ ಹೀಗೇ ಸರಿಸಬೇಕು, ನೀವು ಬನ್ನಿ ಎಂದಿದ್ದಾರೆ. ಅದು 10 ಮಿಲಿಮೀಟರ್ ಗಾಜಿನದು. ಖಾಲಿ ಇದ್ದರೂ ಇಬ್ಬರಿಂದ ಆಗದು, ನಾಲ್ವರು ಬೇಕು. ಅವರಲ್ಲಿ ಒಂದು ದೊಡ್ಡ ಸಕ್ಕರ್ ಮೀನೂ ಇದೆ. ಅದನ್ನು ಇದೇ ನೆಪದಲ್ಲಿ ತೋಡಿಗೆ ಬಿಟ್ಟುಬಿಡುತ್ತೇನೆ ಎಂದರು. ಬಿಡಬೇಡಿ ಎಂದು ಕೈಮುಗಿದು ಹೇಳಿದ್ದೇನೆ. ಆ ಜಾತಿ ಈಗಾಗಲೇ ಕೇರಳದ ನೀರಿನಲ್ಲಿ ಹರಡಿ ಸ್ಥಳೀಯ ಮೀನುಗಳ ಅನ್ನಕ್ಕೆ ಕಲ್ಲು ಹಾಕುತ್ತಿದೆ. ಅದಕ್ಕೆ ಬೇರೆ ದೊಡ್ಡ ಡ್ರಮ್ಮು ಬೇಕಾಗುತ್ತದೆ, ಹೊಂದಿಸೋಣ. ಕಲ್ಲು ಶುಚಿ ಮಾಡುವುದನ್ನು ಅವರು ಈ ವಾರವೇ ಶುರು ಮಾಡಿದ್ದಾರೆ. ಅವರ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾವಾಗ ಎಂದು ಕೇಳಿ ತಿಳಿಸುತ್ತಾರಂತೆ. ಅದು ಗೊತ್ತಾದ ಮೇಲೆ ದಿನ ನೋಡಬೇಕು.